‘ಆತಂಕ’ದ ಅಡ್ಡಿ ಆತಂಕಗಳು

(ಹೈದರಾಬಾದಿನ ಸನತ್‌ನಗರದ ಕನ್ನಡಿಗರ ಕೂಟದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಪದಗಳ ಹುಟ್ಟಿನ ಬಗ್ಗೆ ಮಾತಾಡಲು ಸನತ್‌ನಗರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕನ್ನಡನಾಡಿನಿಂದ ಹೊಸದಾಗಿ ಬಂದವರು ಈ ಹೆಸರು ಕೇಳಿದರೆ ಸನಕ, ಸನಂದನ, ಸನತ್ಕುಮಾರರ ಕಡೆಗೆ ಹೋಗುತ್ತಾರೆ. ಬ್ರಹ್ಮನ ಆ ಮಾನಸಪುತ್ರರಿಗೂ ಈ ಬಡಾವಣೆಗೂ ಯಾವ ನಂಟೂ ಇಲ್ಲ. ಉರ್ದುವಿನಲ್ಲಿ ‘ಸನಅತ್’ ಎಂದರೆ ಕೈಗಾರಿಕೆ, ಕಸುಬು. ಕಾರ್ಖಾನೆಗಳ ಊರಿಗೆ ಕಾರ್ಖಾನೆಯದೇ ಹೆಸರು. 1942ರಲ್ಲಿ ಶುರುವಾದ ಆಲ್ವಿನ್ ಕಂಪನಿಯ ಫ್ರಿಜ್ಜು, ಕೈಗಡಿಯಾರ, ಬಸ್ಸಿನ ಬಾಡಿಗಳನ್ನು ನೆನಪಿಟ್ಟುಕೊಂಡವರು ಈ ಸಭೆಯಲ್ಲೇ ಇದ್ದೀರಿ. ಹಾಗೆಯೇ ಬಾಲಾನಗರ ದಾಟಿ ಹೋಗುವ ಬಸ್ಸಿನ ಮೇಲೆ ‘ಚಿಂತಲ್’ ಎಂಬ ಬೋರ್ಡು ಕಂಡರೆ ನಮಗೆ ಚಿಂತೆ ನೆನಪಾಗುತ್ತದೆ, ತೆಲುಗರಿಗೆ ಹುಣಿಸೆ ಮರ ನೆನಪಾಗುತ್ತದೆ. ಅವರ ಚಿಂತಪಂಡು ನಮ್ಮ ಹುಣಿಸೆಹಣ್ಣು. ಇಬ್ಬರೂ ಒಂದೇ ಬಸ್ಸು ಹತ್ತುತ್ತೇವೆ.

ನಾಲ್ಕು ಭಾಷೆಗಳು ಮೈಗೆ ಮೈ ತಾಗಿಸಿಕೊಂಡು ಬದುಕುವ ಇಂಥ ಕಡೆ ಒಂದು ಪದದ ಅರ್ಥ ಅದರ ಸ್ವಂತ ಆಸ್ತಿಯಾಗಿ ಉಳಿಯುವುದಿಲ್ಲ. ನಾನು ಈ ಸಂಜೆಗೆ ಆರಿಸಿಕೊಂಡಿರುವ ‘ಆತಂಕ’ದ ಕತೆಯೂ ಅದೇ. ಮನಸ್ಸಿನ ವೈದ್ಯರು ಇವತ್ತು ಒಂದು ಕಾಯಿಲೆಯ ಗುಂಪಿಗೇ ಈ ಹೆಸರು ಕೊಟ್ಟಿದ್ದಾರೆ. ಪಕ್ಕದ ಎರ್ರಗಡ್ಡದಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆಯಿದೆ, ಇತ್ತ ಇ.ಎಸ್.ಐ. ಆಸ್ಪತ್ರೆಯಿದೆ. ಎರಡರ ನಡುವಿನ ಊರಿನಲ್ಲಿ ಈ ಮಾತು ಬರೀ ನಿಘಂಟಿನ ಮಾತಾಗಿ ಉಳಿಯಲಾರದು.

ಮೊದಲು ಟಿ.ವಿ. ಹಾಕೋಣ. ಹಿಂದಿ ವಾಹಿನಿಯ ತಳದಲ್ಲಿ ಓಡುವ ಅಕ್ಷರಗಳಲ್ಲಿ ‘ಆತಂಕಿ’ ಎಂದು ಬಂದರೆ ಅವನು ಬಾಂಬು ಇಟ್ಟವನು. ‘ಆತಂಕವಾದ’ ಎಂದರೆ ನಮ್ಮ ಭಯೋತ್ಪಾದನೆ. ಕನ್ನಡ ವಾಹಿನಿಗೆ ತಿರುಗಿಸಿದರೆ ‘ಜಲಾಶಯದಲ್ಲಿ ನೀರಿಲ್ಲ, ರೈತರಲ್ಲಿ ಆತಂಕ’. ಇಲ್ಲಿ ಆತಂಕ ಇರುವುದು ಪಾಪದ ರೈತನಲ್ಲಿ. ಹಿಂದಿಯಲ್ಲಿ ಹೆದರಿಸುವವನ ಕೈಯಲ್ಲಿರುವ ಪದ ಕನ್ನಡದಲ್ಲಿ ಹೆದರಿದವನ ಎದೆಯೊಳಗಿದೆ. ಬಂಗಾಳಿಯೂ ಹಿಂದಿಯ ಹತ್ತಿರದ ದಾರಿಯನ್ನೇ ಹಿಡಿದು ದೊಡ್ಡ ಭೀತಿಗೆ ಈ ಪದ ಬಳಸುತ್ತದೆ. ತೆಲುಗಿಗೆ ಬಂದರೆ ‘ಆಟಂಕಂ’ ಎಂದರೆ ತಡೆ, ವಿಘ್ನ. ಕೆಲಸಕ್ಕೆ ಆಟಂಕಂ ಬಂತು ಎಂದರೆ ಅಡ್ಡಿ ಬಂತು ಎಂದರ್ಥ, ಅಲ್ಲಿ ಯಾರೂ ಹೆದರಿಕೊಂಡಿಲ್ಲ. ತಮಿಳಿನ ‘ಆದಂಗಂ’ ಇನ್ನೂ ಬೇರೆ, ಮನಸ್ಸಿನಲ್ಲಿ ಉಳಿದ ಕೊರಗು, ಹೀಗಾಗಲಿಲ್ಲವಲ್ಲ ಎಂಬ ನೋವು ಅದು.

ತೆಲುಗರ ಆಟಂಕಂ ನಮಗೆ ಹೊಸದೆಂದು ತಿಳಿಯಬೇಡಿ. ಮನೆಯಲ್ಲಿ ಹಳೆಯ ಕ್ರಯಪತ್ರ ಇದ್ದರೆ ತೆಗೆದು ನೋಡಿ. ಛಾಪಾ ಕಾಗದದ ಮೇಲೆ ಬರಹಗಾರ ಒಂದೇ ಉಸಿರಿನಲ್ಲಿ ಎಳೆಯುವ ಉದ್ದ ವಾಕ್ಯ, ಚೆಕ್ಕುಬಂದಿ ಮುಗಿದ ಮೇಲೆ, ಈ ಸ್ವತ್ತಿನ ಮೇಲೆ ಯಾವ ಅಡ್ಡಿ ಆತಂಕ, ತಂಟೆ ತಕರಾರು ಇರುವುದಿಲ್ಲ ಎಂಬಲ್ಲಿಗೆ ಬರುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವವನ ಮನಃಸ್ಥಿತಿಯ ಬಗ್ಗೆ ಅಲ್ಲಿ ಯಾರೂ ಕೇಳುತ್ತಿಲ್ಲ. ಆತಂಕ ಅಲ್ಲಿ ಅಡ್ಡಿಯ ಅವಳಿ. ನಮ್ಮ ಜೋಡುಪದಗಳ ಗುಣವೇ ಇದು: ಒಂಟಿಯಾಗಿ ಓಡಾಡುವಾಗ ಅರ್ಥ ಬದಲಿಸಿಕೊಂಡ ಪದ ಜೋಡಿಯಲ್ಲಿ ಹಳೆಯ ಅರ್ಥವನ್ನು ಬಿಟ್ಟುಕೊಡುವುದಿಲ್ಲ. ‘ಅಡ್ಡಿ ಆತಂಕವಿಲ್ಲದೆ ಮದುವೆ ಮುಗಿಯಿತು’ ಎನ್ನುವ ಅಜ್ಜಿ ತೆಲುಗಿನ ಅರ್ಥವನ್ನೇ ಕನ್ನಡದಲ್ಲಿ ಆಡುತ್ತಿದ್ದಾಳೆ.

ಇಷ್ಟೆಲ್ಲ ಕವಲಿನ ಬುಡ ಎಲ್ಲಿ? ಸಂಸ್ಕೃತದ ಧಾತುಪಾಠದಲ್ಲಿ ‘ತಂಕ್’ ಎಂಬ ಧಾತುವಿದೆ. ಅದಕ್ಕೆ ಕೊಟ್ಟಿರುವ ಅರ್ಥ ‘ಕೃಚ್ಛ್ರಜೀವನ’, ಅಂದರೆ ಕಷ್ಟದಲ್ಲಿ ಬದುಕು ಸಾಗಿಸುವುದು. ಅದಕ್ಕೆ ‘ಆ’ ಸೇರಿ ಆತಂಕ. ಅಮರಕೋಶ ಇದಕ್ಕೆ ರೋಗ, ತಾಪ, ಶಂಕೆ ಎಂಬ ಮೂರು ಅರ್ಥ ಹೇಳುತ್ತದೆ. ರೋಗ ಮೊದಲು, ಶಂಕೆ ಕೊನೆಗೆ ಬಂದಿದೆ ಎಂಬುದನ್ನು ಗಮನಿಸಬೇಕು. ಆಯುರ್ವೇದದಲ್ಲಿ ಇದು ಶುದ್ಧ ರೋಗವಾಚಕ. ಚರಕಸಂಹಿತೆಯ ನಿದಾನಸ್ಥಾನದ ಮೊದಲ ಅಧ್ಯಾಯ ವ್ಯಾಧಿ, ಆಮಯ, ಗದ, ಆತಂಕ, ಯಕ್ಷ್ಮ, ಜ್ವರ, ವಿಕಾರ, ರೋಗ ಇವೆಲ್ಲ ಒಂದೇ ಎನ್ನುತ್ತದೆ. ಮಾಧವನಿದಾನಕ್ಕೆ ವಾಚಸ್ಪತಿ ಬರೆದ ವ್ಯಾಖ್ಯಾನದ ಹೆಸರು ‘ಆತಂಕದರ್ಪಣ’. ರೋಗಗಳಿಗೆ ಹಿಡಿದ ಕನ್ನಡಿ ಎಂದು ಅದರ ಅರ್ಥ. ಹೆದರಿಕೆಯ ಪುಸ್ತಕ ಎಂದುಕೊಂಡು ತೆರೆದವರಿಗೆ ಅದರಲ್ಲಿ ಜ್ವರ, ಅತಿಸಾರ ಸಿಗುತ್ತವೆ.

ಹಾಗಾಗಿ ಇವತ್ತಿನ ವೈದ್ಯರು ‘ಆತಂಕ’ವನ್ನು ಕಾಯಿಲೆ ಎಂದು ಕರೆದಾಗ ಪದ ಒಂದು ಸುತ್ತು ಸುತ್ತಿ ಹುಟ್ಟಿದ ಮನೆಗೇ ಬಂದಂತಾಗಿದೆ. ಆದರೆ ಕನ್ನಡದಲ್ಲಿ ಇದು ಗ್ರಂಥದಿಂದ, ಪತ್ರಿಕೆಯಿಂದ ಇಳಿದು ಬಂದ ಪದ. ವರದಿಗಾರರು ‘ಆತಂಕ ವ್ಯಕ್ತಪಡಿಸಿದರು’ ಎಂದು ಬರೆಯುತ್ತಾರೆ, ಮಂತ್ರಿಗಳು ‘ಆತಂಕಪಡುವ ಅಗತ್ಯವಿಲ್ಲ’ ಎನ್ನುತ್ತಾರೆ. (ಮಂತ್ರಿಗಳು ಹಾಗೆ ಹೇಳಿದ ದಿನವೇ ಜನಕ್ಕೆ ಅದು ಶುರುವಾಗುವುದು ಬೇರೆ ಮಾತು.) ಮನೆಯೊಳಗೆ, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಹಾಸಿಗೆಯಲ್ಲಿ ಎದ್ದು ಕೂತ ಅಮ್ಮ ‘ನನಗೆ ಆತಂಕವಾಗುತ್ತಿದೆ’ ಎನ್ನುವುದಿಲ್ಲ. ಅವಳಿಗೆ ಬೇರೆ ಪದಗಳಿವೆ. ನನ್ನ ಮಾತಿನ ಸಾರವೆಲ್ಲ ಆ ಪದಗಳಲ್ಲಿದೆ.

ಒಂದಿಷ್ಟು ಪದ ತಲೆಯವು. ಚಿಂತೆ, ಯೋಚನೆ, ವಿಚಾರ, ಫಿಕರ್. ಸಂಸ್ಕೃತದಲ್ಲಿ ‘ಚಿಂತ್’ ಎಂದರೆ ಆಲೋಚಿಸು. ಅದೇ ಬೇರಿನಿಂದ ಬಂದ ಚಿಂತನೆಗೆ ವೇದಿಕೆಯ ಮೇಲೆ ಶಾಲು ಹೊದಿಸುತ್ತೇವೆ, ಚಿಂತೆಯನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇವೆ. ಮೈಸೂರು ಕಡೆಯವರು ‘ಯೋಚನೆ ಮಾಡ್ಬೇಡಿ’ ಎಂದು ಸಮಾಧಾನ ಹೇಳುತ್ತಾರೆ, ಧಾರವಾಡದವರು ‘ವಿಚಾರ ಮಾಡಬ್ಯಾಡ್ರಿ’ ಎನ್ನುತ್ತಾರೆ. ಬುದ್ಧಿಜೀವಿಗಳಿಗೆ ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ. ಬೀದರ, ಕಲಬುರಗಿ, ರಾಯಚೂರು ಸೀಮೆಯವರು ‘ಫಿಕರ್ ಮಾಡಬ್ಯಾಡ’ ಎನ್ನುತ್ತಾರೆ. ಅರಬ್ಬಿಯಲ್ಲಿ ‘ಫಿಕ್ರ್’ ಎಂದರೂ ಯೋಚನೆಯೇ. ಪಾರಸಿ, ಉರ್ದು ದಾಟಿ ಬರುವಷ್ಟರಲ್ಲಿ ಚಿಂತೆಯ ಭಾರ ಹೊತ್ತುಕೊಂಡಿದೆ. ಸಂಸ್ಕೃತ ಒಂದು ಕಡೆಯಿಂದ, ಅರಬ್ಬಿ ಇನ್ನೊಂದು ಕಡೆಯಿಂದ, ಒಬ್ಬರನ್ನೊಬ್ಬರು ಕೇಳದೆ ಒಂದೇ ತೀರ್ಮಾನಕ್ಕೆ ಬಂದಿವೆ: ಯೋಚನೆ ಹೆಚ್ಚಾದರೆ ಚಿಂತೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂಬ ಸುಭಾಷಿತ ನಿಮಗೆಲ್ಲ ಗೊತ್ತಿದೆ. ಅದು ಒಳ್ಳೆಯ ಚಮತ್ಕಾರ. ಪದದ ಹುಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಫಿಕರ್ ನಮ್ಮ ಸೀಮೆಯ ಕನ್ನಡಕ್ಕೆ ಬಂದ ದಾರಿ ಈ ಊರಿನಿಂದಲೇ ಹೊರಟದ್ದು. ಆ ಮೂರು ಜಿಲ್ಲೆಗಳು ನಿಜಾಮರ ರಾಜ್ಯದಲ್ಲಿದ್ದವು. ಕಚೇರಿಯ ಭಾಷೆ ಉರ್ದು, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠದ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಆಡಿ, ಕಾಗದಪತ್ರವೆಲ್ಲ ಉರ್ದುವಿನಲ್ಲಿ ಬರೆದ ಒಂದು ತಲೆಮಾರೇ ಇತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ರಂದು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಆಚೆಗೆ ಹೋಯಿತು, ಫಿಕರ್ ಇಲ್ಲೂ ಅಲ್ಲೂ ಉಳಿಯಿತು. ‘ಬೇಫಿಕೀರ್’ ಮನುಷ್ಯನಿಗೆ ಬೆಂಗಳೂರಿನಲ್ಲೂ ಇವತ್ತಿಗೂ ಬೇರೆ ಹೆಸರಿಲ್ಲ. ಇಲ್ಲಿಯ ದಖನಿಯ ‘ಫಿಕರ್ ನಕ್ಕೊ ಕರೋ’ ಎಂಬ ಮೂರು ಪದಗಳ ಸಾಂತ್ವನದಲ್ಲಿ ಅರಬ್ಬಿ ಇದೆ, ಮರಾಠಿಯ ‘ನಕೋ’ ಇದೆ, ಹಿಂದೂಸ್ತಾನಿಯ ಕ್ರಿಯಾಪದ ಇದೆ.

ಇನ್ನೊಂದು ಗುಂಪು ಒಡಲಿನದು. ನನ್ನ ಮಟ್ಟಿಗೆ ಕನ್ನಡದ ಜಾಣತನ ಇರುವುದು ಇಲ್ಲಿ. ಕಳವಳ, ತಳಮಳ, ದಿಗಿಲು, ಕಸಿವಿಸಿ, ಬೇಗುದಿ. ಇವುಗಳಲ್ಲಿ ಕೆಲವನ್ನು ಉಚ್ಚರಿಸಿದರೆ ಸಾಕು, ಅರ್ಥ ಕೇಳಬೇಕಿಲ್ಲ. ತಳಮಳ ಎನ್ನುವಾಗ ನಾಲಗೆಯೇ ಹೊರಳಾಡುತ್ತದೆ. ಬೇಗುದಿಯನ್ನು ಬಿಡಿಸಿದರೆ ಬೇ ಮತ್ತು ಕುದಿ, ಬೇಯುವುದು ಮತ್ತು ಕುದಿಯುವುದು. ಅಳಲು ಕೂಡ ಮೂಲತಃ ಉರಿಯ ಪದ. ಹಳಗನ್ನಡದಲ್ಲಿ ಅದಕ್ಕೆ ರಳ ಇತ್ತು, ತಮಿಳಿನಲ್ಲಿ ಇವತ್ತಿಗೂ ‘ಅಳಲ್’ ಎಂದರೆ ಬೆಂಕಿ. ಕರಾವಳಿಯವರು ಇದನ್ನೆಲ್ಲ ತಲೆಗೆ ಸಾಗಿಸಿ ‘ಮಂಡೆಬಿಸಿ’ ಮಾಡಿಕೊಂಡರು. ಬಿಸಿ ಮಾತ್ರ ಬಿಡಲಿಲ್ಲ.

ದಿಗಿಲು ಈ ಊರಿನ ಕನ್ನಡಿಗರನ್ನು ಚೆನ್ನಾಗಿ ಆಟ ಆಡಿಸುವ ಪದ. ನಮ್ಮಲ್ಲಿ ದಿಗಿಲು ಎಂದರೆ ಥಟ್ಟನೆ ಬಂದ ಹೆದರಿಕೆ, ಬೀಳುವ, ಬಡಿಯುವ ಭಯ. ತೆಲುಗಿನ ‘ದಿಗುಲು’ ನಿಧಾನದ್ದು. ಮಗಳು ಅತ್ತೆಮನೆಗೆ ಹೋದ ಮೇಲೆ ಮನೆಯೊಳಗೆ ಕೂತಿರುತ್ತದಲ್ಲ, ಆ ಮಂಕು ಅದು. ಪಕ್ಕದ ಮನೆಯ ತೆಲುಗು ಅಕ್ಕ ‘ದಿಗುಲುಗಾ ಉಂದಿ’ ಎಂದರೆ ನಮ್ಮವರು ‘ಯಾಕ್ರೀ, ಏನಾಯ್ತು, ಯಾರು ಹೆದರಿಸಿದರು’ ಎಂದು ಓಡಿಬರುತ್ತಾರೆ. ಯಾರೂ ಹೆದರಿಸಿಲ್ಲ, ಆಕೆಗೆ ಮನಸ್ಸಿಗೆ ಬೇಸರ, ಅಷ್ಟೇ. ತಮಿಳಿನಲ್ಲಿ ‘ತಿಗಿಲ್’ ಪೂರಾ ಭೂತದ ಸಿನಿಮಾದ ಕಡೆಗೆ ಸರಿದಿದೆ. ಮೂರು ಭಾಷೆ, ಒಂದೇ ಬೇರು, ಭಯದ ಮೂರು ಅಳತೆ.

ಕಳವಳದ ಬಳಗ ಇನ್ನೂ ದೊಡ್ಡದು. ತೆಲುಗಿನ ‘ಕಲವರಂ’ ನಮ್ಮ ಕಳವಳಕ್ಕೆ ತೀರ ಹತ್ತಿರ. ತಮಿಳಿನ ‘ಕಲವರಂ’ ಬೀದಿಗೆ ಇಳಿದು ಗಲಭೆಯಾಗಿದೆ. ಮರಾಠಿಯ ‘ಕಳವಳಾ’ ಕರುಣೆ, ಇನ್ನೊಬ್ಬರ ನೋವು ಕಂಡು ಕರುಳು ಚುರುಕ್ಕೆನ್ನುವುದು. ನಮ್ಮಲ್ಲಿ ಆ ಕೆಲಸಕ್ಕೆ ‘ಕಳಕಳಿ’ ಇದೆ. ಮರಾಠಿಯಲ್ಲೂ ‘ಕಳಕಳೀಚಿ ವಿನಂತಿ’ ಎಂದು ಮನಮುಟ್ಟಿ ಬೇಡಿಕೊಳ್ಳುತ್ತಾರೆ. ಕಲಕು, ಕಲಸು ಎಂಬ ನಮ್ಮ ಅಡುಗೆಮನೆಯ ಕ್ರಿಯಾಪದಗಳು ಈ ಪದಗಳ ನೆರೆಯಲ್ಲೇ ಇವೆ. ಒಳಗೆ ಏನೋ ಕಲಕಿದರೆ ಅದು ಸ್ವಂತಕ್ಕಾದರೆ ಕಳವಳ, ಪರರಿಗಾದರೆ ಕಳಕಳಿ ಎಂದು ಭಾಷೆ ತನ್ನ ಪಾಡಿಗೆ ಲೆಕ್ಕ ಇಟ್ಟಿದೆ.

‘ಆಂದೋಲನ’ವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂಸ್ಕೃತದಲ್ಲಿ ಅದು ತೂಗಾಟ. ಕನ್ನಡದಲ್ಲಿ ಚಳವಳಿ. ತೆಲುಗಿನ ‘ಆಂದೋಳನ’ ಚಳವಳಿಯೂ ಹೌದು, ಮನಸ್ಸಿನ ಕಳವಳವೂ ಹೌದು. ಎರ್ರಗಡ್ಡದ ಆಸ್ಪತ್ರೆಯಲ್ಲಿ ವೈದ್ಯರು ‘ಆಂದೋಳನ ಉಂದಾ’ ಎಂದು ಕೇಳಿದರೆ ನಮ್ಮ ಹಿರಿಯರು ಹಿಂದೆ ಮುಂದೆ ನೋಡದೆ ‘ಇಲ್ರೀ, ನಾವು ಅಂಥಾದಕ್ಕೆಲ್ಲ ಹೋಗಾಂಗಿಲ್ಲ’ ಎಂದಾರು.

ಪಶ್ಚಿಮದ ಮಾತನ್ನು ಎರಡು ನಿಮಿಷದಲ್ಲಿ ಮುಗಿಸುತ್ತೇನೆ, ಅದರ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಡೆನ್ಮಾರ್ಕಿನ ಕಿರ್ಕೆಗಾರ್ಡ್ 1844ರಲ್ಲಿ ‘ಆಂಗೆಸ್ಟ್’ ಬಗ್ಗೆ ಒಂದು ಗ್ರಂಥ ಬರೆದ. ವಿಯೆನ್ನಾದ ಫ್ರಾಯ್ಡ್ 1895ರಲ್ಲಿ ‘ಆಂಗ್ಸ್ಟ್’ ಕಾಯಿಲೆಯನ್ನು ಬೇರೆ ನರದೌರ್ಬಲ್ಯಗಳಿಂದ ಬಿಡಿಸಿ ಇಟ್ಟ. ಇಂಗ್ಲಿಷಿನಲ್ಲಿ ಅದು ‘ಆಂಗ್ಸೈಟಿ’ ಆಯಿತು. ಅಮೆರಿಕದ ಮನೋವೈದ್ಯರ ಸಂಘ 1980ರ ಕೈಪಿಡಿಯಲ್ಲಿ ಅದನ್ನು ಪ್ಯಾನಿಕ್ ಮತ್ತು ಸದಾಕಾಲದ ಆತಂಕ ಎಂದು ಹೋಳು ಮಾಡಿತು. ಈ ಎಲ್ಲ ಪದಗಳ ಬೇರಿನಲ್ಲಿರುವ ಅರ್ಥ ಇಕ್ಕಟ್ಟು, ಬಿಗಿ, ಕತ್ತು ಹಿಸುಕುವುದು. ಲ್ಯಾಟಿನ್ನಿನ ‘ಆಂಗುಸ್ತಿಯಾ’ ಎಂದರೆ ಕಿರಿದಾದ ಜಾಗ. ಹೃದಯದ ಕಾಯಿಲೆ ‘ಆಂಜೈನಾ’ ಇದೇ ಬೇರಿನ ಮಗಳು. ಋಗ್ವೇದದ ‘ಅಂಹಸ್’ ಕೂಡ ಅದೇ ಕುಲ. ಆ ಋಷಿಗಳು ಅಂಹಸ್ಸಿನಿಂದ ಬಿಡಿಸಿ ‘ಉರು’ವಾದ, ಅಂದರೆ ವಿಶಾಲವಾದ ಜಾಗ ಕೊಡು ಎಂದು ದೇವತೆಗಳನ್ನು ಬೇಡಿದರು. ಮುಂದೆ ಅದೇ ಪದಕ್ಕೆ ಪಾಪ ಎಂಬ ಅರ್ಥ ಅಂಟಿತು.

ಅರ್ಥಕ್ಕೆ ಅರ್ಥ ಕೂಡಿಸಿ ಅನುವಾದ ಮಾಡುವುದಾದರೆ ಇದಕ್ಕೆ ಕನ್ನಡದಲ್ಲಿ ಸರಿಯಾಗಿ ಕೂರುತ್ತಿದ್ದ ಪದ ‘ಸಂಕಟ’. ಸಂಸ್ಕೃತದಲ್ಲಿ ಸಂಕಟ ಎಂದರೆ ಮೊದಲು ಇಕ್ಕಟ್ಟಾದದ್ದು, ಆಮೇಲೆ ಕಷ್ಟ. ಕನ್ನಡದಲ್ಲಿ ಅದು ಹೊಟ್ಟೆಯಲ್ಲೂ ಆಗುತ್ತದೆ, ಎದೆಯಲ್ಲೂ ಆಗುತ್ತದೆ, ಇಲಿಗೆ ಪ್ರಾಣಕ್ಕೂ ಆಗುತ್ತದೆ, ಬಂದಾಗ ವೆಂಕಟರಮಣನೂ ನೆನಪಾಗುತ್ತಾನೆ. ದೇಹ, ಮನಸ್ಸು, ದೇವರು ಮೂರನ್ನೂ ಹಿಡಿದ ಪದವನ್ನು ಬಿಟ್ಟು ನಮ್ಮ ಪರಿಭಾಷೆ ‘ಆತಂಕ’ವನ್ನು ಹಿಡಿಯಿತು. ಕಾಲ ಮೀರಿದೆ, ಈಗ ಬದಲಿಸಿ ಎಂದು ನಾನು ಹಟ ಮಾಡುವುದಿಲ್ಲ. ಮನೋವೈದ್ಯವನ್ನು ಕನ್ನಡದಲ್ಲಿ ಬರೆದವರ ಪರಂಪರೆ ಸಣ್ಣದಲ್ಲ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ವಾಚನಾಲಯಗಳ ತನಕ ಹೋದವು. ಅವರೆಲ್ಲ ಕಟ್ಟಿದ ಪರಿಭಾಷೆ ಇರಲಿ. ಆದರೆ ಅದು ಪುಸ್ತಕದ ಬೆನ್ನ ಮೇಲಿರಬೇಕಾದ ಪದ, ರೋಗಿಯ ಬಾಯಿಯಿಂದ ಕಿತ್ತು ಬರಬೇಕಾದ ಪದ ಅಲ್ಲ.

ಹೀಗೆ ಹೇಳಲು ಕಾರಣವಿದೆ. ಕಲಬುರಗಿಯಿಂದ ಮಗನ ಮನೆಗೆ ಬಂದ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀರಿ ಎಂದಿಟ್ಟುಕೊಳ್ಳಿ. ಆಕೆ ಹೇಳುವುದು ಇಷ್ಟು: ‘ಎದಿ ಹಾರ್ಲಿಕತ್ತದ. ಹೊಟ್ಯಾಗ ಕಸಿವಿಸಿ. ಕೈಕಾಲಾಗ ಜೀವ ಇಲ್ದಂಗ ಆಗ್ತದ. ಯಾಕೋ ಜೀವಕ್ಕ ಸಮಾಧಾನಿಲ್ಲ.’ ಮಗ ಇದನ್ನು ವೈದ್ಯರಿಗೆ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ದಾಟಿಸುವಾಗ ಎರಡರಲ್ಲಿ ಒಂದು ಮಾಡುತ್ತಾನೆ. ‘ಚೆಸ್ಟ್ ಪ್ರಾಬ್ಲಂ’ ಎನ್ನುತ್ತಾನೆ, ಇಲ್ಲವೇ ‘ಟೆನ್ಷನ್’ ಎನ್ನುತ್ತಾನೆ. ಮೊದಲನೆಯದರಲ್ಲಿ ಕೊನೆಯ ವಾಕ್ಯ ಬಿದ್ದುಹೋಯಿತು, ಎರಡನೆಯದರಲ್ಲಿ ಮೊದಲ ಮೂರೂ ಬಿದ್ದುಹೋದವು. ಇ.ಸಿ.ಜಿ. ತೆಗೆಸಲೇಬೇಕು, ಆ ವಯಸ್ಸಿನಲ್ಲಿ ಎದೆಯ ದೂರನ್ನು ಮನಸ್ಸಿನದು ಎಂದು ತಳ್ಳಿಹಾಕುವುದು ತಪ್ಪು. ಆಂಜೈನಾ, ಆಂಗ್ಸೈಟಿ ಒಂದೇ ಬೇರಿನವು ಎಂದೆನಲ್ಲ, ವೈದ್ಯರಿಗೂ ಅವನ್ನು ಬೇರ್ಪಡಿಸಲು ಯಂತ್ರ ಬೇಕು. ಆದರೆ ಯಂತ್ರದ ಗೆರೆ ಸರಿಯಾಗಿ ಬಂದ ಮೇಲೆ ‘ಏನೂ ಇಲ್ಲ’ ಎಂದು ಮನೆಗೆ ಕರೆದುಕೊಂಡು ಬರುತ್ತೇವಲ್ಲ, ಅಲ್ಲಿ ಆಕೆಯ ನಾಲ್ಕನೆಯ ವಾಕ್ಯ ಯಾರಿಗೂ ಕೇಳದೆ ಉಳಿಯುತ್ತದೆ.

‘ಟೆನ್ಷನ್’ ಬಗ್ಗೆ ಒಂದು ಮಾತು. ಇದು ಸನತ್‌ನಗರದವರಿಗೆ ವಿವರಿಸಬೇಕಾದ ಪದವಲ್ಲ. ಮೋಟರಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಎಷ್ಟು ಕುಸಿಯುತ್ತದೆ ಎಂದು ನೋಡಿದ ಫಿಟ್ಟರುಗಳು ಇಲ್ಲಿದ್ದೀರಿ. ಸಡಿಲವಾದರೆ ಬೆಲ್ಟು ಜಾರುತ್ತದೆ, ಬಿಗಿಯಾದರೆ ಬೇರಿಂಗು ಹೋಗುತ್ತದೆ. ಲ್ಯಾಟಿನ್ನಿನಲ್ಲೂ ಅದರ ಅರ್ಥ ಎಳೆ, ಜಗ್ಗು ಎಂದೇ. ಇವತ್ತು ಹೈದರಾಬಾದಿನ ಯಾವ ಭಾಷೆಯವರೂ ಅನುವಾದ ಕೇಳದೆ ಅರ್ಥ ಮಾಡಿಕೊಳ್ಳುವ ಪದ ಇದೊಂದೇ. ಅದೇ ಅದರ ತೊಂದರೆ ಕೂಡ. ಪರೀಕ್ಷೆ, ಇ.ಎಂ.ಐ., ಅತ್ತೆಯ ಮಾತು, ಟ್ರಾಫಿಕ್ಕು, ಪ್ರಾಣ ಹೋದೀತೆಂಬ ಭಯ, ಎಲ್ಲಕ್ಕೂ ಟೆನ್ಷನ್ ಒಂದೇ ಆದರೆ ಕೇಳುವವನಿಗೆ ಯಾವುದೂ ಗಂಭೀರ ಎನಿಸುವುದಿಲ್ಲ. ದಿಗಿಲು, ಕಳವಳ, ಬೇಗುದಿ ಎಂಬ ಅಳತೆಗಳಿದ್ದ ಕಡೆ ಒಂದೇ ಅಳತೆ ಉಳಿಯುತ್ತದೆ.

ಇನ್ನೊಂದು ಪದವನ್ನು ನಾವೇ ಕೆಡಿಸಿದ್ದೇವೆ, ಅದು ‘ಎರ್ರಗಡ್ಡ’. ಈ ನಗರದಲ್ಲಿ ಯಾರನ್ನಾದರೂ ಹುಚ್ಚ ಎಂದು ಗೇಲಿ ಮಾಡಲು ‘ಎರ್ರಗಡ್ಡಕ್ಕೆ ಕಳಿಸಬೇಕು’ ಎನ್ನುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಉತ್ತರ ಕರ್ನಾಟಕದಲ್ಲಿ ಧಾರವಾಡ ಇದೇ ಗೇಲಿಗೆ ಗುರಿಯಾಗಿವೆ. ಹೊಟ್ಟೆನೋವಿನ ಆಸ್ಪತ್ರೆಯ ಹೆಸರು ಬೈಗುಳವಾದದ್ದನ್ನು ನಾನು ಕೇಳಿಲ್ಲ. ಬೈಗುಳವಾದ ಬಾಗಿಲನ್ನು ತಾನಾಗಿ ತಟ್ಟಲು ಕಳವಳದವನಿಗೆ ಎಷ್ಟು ಧೈರ್ಯ ಬೇಕಾಗುತ್ತದೆ ಎಂದು ಲೆಕ್ಕ ಹಾಕಿ. ಕ್ರಯಪತ್ರದ ಹಳೆಯ ಅರ್ಥದಲ್ಲಿ ಹೇಳುವುದಾದರೆ ಆತಂಕದ ಚಿಕಿತ್ಸೆಗೆ ಇರುವ ದೊಡ್ಡ ಆತಂಕ ಇದು.

ಆದ್ದರಿಂದ ಈ ದತ್ತಿಯ ನೆಪದಲ್ಲಿ ಕೂಟದವರಿಗೆ ನನ್ನದೊಂದು ಕಳಕಳಿಯ ವಿನಂತಿ. ನಿಮ್ಮ ನಿಮ್ಮ ಮನೆಯ ಹಿರಿಯರು ಭಯಕ್ಕೆ, ನಿದ್ದೆ ಬಾರದಿರುವುದಕ್ಕೆ, ಎದೆಯ ಬಡಿತಕ್ಕೆ ಯಾವ ಪದ, ಯಾವ ವಾಕ್ಯ ಬಳಸುತ್ತಾರೋ ಅದನ್ನು ಅವರ ಊರಿನ ಹೆಸರಿನೊಂದಿಗೆ ಬರೆದಿಡಿ. ಔರಾದ್‌ನದು ಬೇರೆ ಇರುತ್ತದೆ, ಸೇಡಂನದು ಬೇರೆ ಇರುತ್ತದೆ, ಮಾನ್ವಿಯದು ಬೇರೆ ಇರುತ್ತದೆ. ಎದುರಿಗೆ ತೆಲುಗಿನಲ್ಲೂ ಬರೆಯಿರಿ, ತಾಯಿ ಆಡಿದ ವಾಕ್ಯವನ್ನು ಮೊಟಕು ಮಾಡದೆ. ಸನತ್‌ನಗರದ ವೈದ್ಯರಿಗೆ ಅದು ಉಪಯೋಗಕ್ಕೆ ಬರುತ್ತದೆ. ಆಸ್ಪತ್ರೆಯ ತನಕ ಹೋಗಲು ಮನಸ್ಸು ಒಪ್ಪದವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. ಸಂಖ್ಯೆ 14416, ಕರೆಗೆ ಹಣವಿಲ್ಲ, ಹಗಲು ರಾತ್ರಿ ಎನ್ನದೆ ಮಾಡಬಹುದು. ಅದರಲ್ಲಿ ಭಾಷೆ ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡವೂ ಇದೆ.